ಎಂ.ಜಿ. ಕಾರ್ ಕ್ಲಬ್ ಸದಸ್ಯತ್ವ: ಚಂದಾ ಕಟ್ಟಿದವರಿಗೆ ಸಿಗುವುದೇನು?

ಬ್ರಿಟನ್ನಿನಲ್ಲಿ ನೆಲೆಸಿ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿರುವ, ಅಥವಾ ಕೊಳ್ಳುವ ಯೋಚನೆಯಲ್ಲಿರುವ ಕನ್ನಡಿಗರು ಸಿಕ್ಕಾಗ ಕೇಳುವ ಮೊದಲ ಪ್ರಶ್ನೆ ಕಾರಿನ ಬೆಲೆಯದಾದರೆ ಎರಡನೆಯದು ಕ್ಲಬ್ಬಿನದು. ವರ್ಷಕ್ಕೊಮ್ಮೆ ಚಂದಾ ಕಟ್ಟಿ ಸದಸ್ಯರಾಗುವುದರಿಂದ ನಿಜವಾಗಿ ಪ್ರಯೋಜನವಿದೆಯೇ, ಅಥವಾ ಅದು ಗಾಜಿಗೆ ಅಂಟಿಸಿಕೊಳ್ಳುವ ಒಂದು ಬಿಲ್ಲೆಗಾಗಿ ಕೊಡುವ ಹಣವೇ? 1970ರ ಎಂ.ಜಿ.ಬಿ. ಜಿ.ಟಿ. ಕಾರಿನ ಮಾಲೀಕನಾಗಿ ಮತ್ತು ಎಂ.ಜಿ. ಕಾರ್ ಕ್ಲಬ್ಬಿನ ಕೆಲವು ವರ್ಷಗಳ ಸದಸ್ಯನಾಗಿ ನಾನು ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಪತ್ರಿಕೆ, ವಿಮೆಯ ಅನುಕೂಲ, ವಾರ್ಷಿಕ ಮೇಳ ಇವೆಲ್ಲ ಮೇಲುಖರ್ಚಿನ ಬಾಬತ್ತುಗಳು. ಚಂದಾಹಣಕ್ಕೆ ಪ್ರತಿಯಾಗಿ ಸಿಗುವ ಅಸಲು ಸರಕು ಎಂದರೆ ಎಂಜಿನ್ನಿನ ಬಗ್ಗೆ ನಡೆಯುವ ಮಾತು. ಆ ಮಾತಿನಲ್ಲಿ ಆಸಕ್ತಿ ಇಲ್ಲದವರು ಈ ಕ್ಲಬ್ಬಿಗೆ ಸೇರದಿದ್ದರೂ ನಷ್ಟವಿಲ್ಲ.

ಇಂದು ಬೆಂಗಳೂರಿನಲ್ಲಿ ಎಂ.ಜಿ. ಎಂದರೆ 2019ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಹೆಕ್ಟರ್ ಮತ್ತು ಅದರ ಹಿಂದೆಯೇ ಬಂದ ವಿದ್ಯುತ್ ಕಾರುಗಳು ಕಣ್ಣ ಮುಂದೆ ಬರುತ್ತವೆ. ಆ ಹೆಸರು ಈಗ ಚೀನಾದ ಎಸ್.ಎ.ಐ.ಸಿ. ಸಂಸ್ಥೆಯ ಸ್ವತ್ತು. ಇಲ್ಲಿ ಹೇಳಹೊರಟಿರುವುದು ಆ ಹೆಸರಿನ ಹಳೆಯ ಮನೆತನದ ಕಥೆ. ಆಕ್ಸ್‌ಫರ್ಡಿನಲ್ಲಿ ವಿಲಿಯಂ ಮಾರಿಸ್ ನಡೆಸುತ್ತಿದ್ದ ಮಾರಿಸ್ ಗ್ಯಾರೇಜಸ್ ಎಂಬ ವ್ಯಾಪಾರದ ವ್ಯವಸ್ಥಾಪಕನಾಗಿದ್ದ ಸೆಸಿಲ್ ಕಿಂಬರ್, ಸಾಧಾರಣ ಮಾರಿಸ್ ಕಾರುಗಳಿಗೆ ಚುರುಕಾದ ಮೈಕಟ್ಟು ಕೊಟ್ಟು ಮಾರಲು ತೊಡಗಿದಾಗ ಎಂ.ಜಿ. ಹುಟ್ಟಿತು. 1929ರಲ್ಲಿ ಕಾರ್ಖಾನೆ ಅಬಿಂಗ್ಡನ್ ಎಂಬ ಪುಟ್ಟ ಊರಿಗೆ ಬಂದಿತು. 1980ರ ಅಕ್ಟೋಬರಿನಲ್ಲಿ ಅದರ ಬಾಗಿಲು ಮುಚ್ಚಿತು. ಕ್ಲಬ್ ಹುಟ್ಟಿದ್ದು 1930ರಲ್ಲಿ. ಸ್ಟೀವನೇಜ್ ಬಳಿಯ ರೋಬಕ್ ಎಂಬ ಹೋಟೆಲಿನಲ್ಲಿ ಮಾಲೀಕರ ಮೊದಲ ಸಭೆ ಸೇರಿತು, ಆಗ ಕಾರ್ಯದರ್ಶಿಯಾದ ಜಾನ್ ಥಾರ್ನ್‌ಲಿ ಮುಂದೆ ಅದೇ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ಕಡೆಗೆ ಅದರ ಮುಖ್ಯಸ್ಥರೇ ಆದರು. ಮಾಲೀಕರ ಸಂಘದ ಕಾರ್ಯದರ್ಶಿಯೊಬ್ಬರು ಕಾರ್ಖಾನೆಯನ್ನೇ ನಡೆಸಿದ ಈ ಸಂಗತಿ ಕ್ಲಬ್ಬಿನ ಗುಣವನ್ನು ಚೆನ್ನಾಗಿ ತೋರಿಸುತ್ತದೆ: ಇಲ್ಲಿ ಬಳಸುವವರಿಗೂ ಕಟ್ಟುವವರಿಗೂ ನಡುವೆ ಗೋಡೆ ಎಂದೂ ಎತ್ತರವಾಗಿರಲಿಲ್ಲ. ಎಂ.ಜಿ. ಓನರ್ಸ್ ಕ್ಲಬ್ ಎಂಬ ಹೆಸರಿನಲ್ಲಿ 1973ರಲ್ಲಿ ಶುರುವಾದದ್ದು ಬೇರೆಯೇ ಸಂಸ್ಥೆ. ಎರಡನ್ನೂ ಒಂದೇ ಎಂದು ತಿಳಿಯಬಾರದು.

ಕ್ಲಬ್ಬಿನ ಒಳರಚನೆ ಮೊದಲಿಗೆ ಸ್ವಲ್ಪ ಗೊಂದಲ ಹುಟ್ಟಿಸುತ್ತದೆ. ಸದಸ್ಯರು ಒಂದು ಕಡೆ ತಾವಿರುವ ಪ್ರದೇಶಕ್ಕೆ ಅನುಗುಣವಾಗಿ ಸೆಂಟರ್ ಎಂಬ ಘಟಕಗಳಲ್ಲಿ ಸೇರುತ್ತಾರೆ, ಇನ್ನೊಂದು ಕಡೆ ತಮ್ಮ ಕಾರಿನ ಮಾದರಿಗೆ ಅನುಗುಣವಾಗಿ ರಿಜಿಸ್ಟರ್ ಎಂಬ ಗುಂಪುಗಳಲ್ಲಿ ಸೇರುತ್ತಾರೆ. ಮಿಜೆಟ್, ಮ್ಯಾಗ್ನಾ, ಮ್ಯಾಗ್ನೆಟ್ ಎಂಬ ಯುದ್ಧಪೂರ್ವ ಕಾರುಗಳಿಗೆ ಟ್ರಿಪಲ್ ಎಂ ರಿಜಿಸ್ಟರ್, ಟಿ ಸರಣಿಗೆ ಒಂದು, ಎಂ.ಜಿ.ಎ.ಗೆ ಒಂದು, ಎಂ.ಜಿ.ಬಿ.ಗೆ ಇನ್ನೊಂದು, ಹೀಗೆ. ಊಟ, ತಿರುಗಾಟ, ಹರಟೆಗಳು ಸೆಂಟರಿನ ಪಾಲು. ಯಾವ ವರ್ಷದ ಕಾರಿಗೆ ಯಾವ ಬೋಲ್ಟ್ ಎಂಬ ವಿಚಾರ ರಿಜಿಸ್ಟರಿನ ಪಾಲು ಎಂದು ಸ್ಥೂಲವಾಗಿ ತಿಳಿದುಕೊಂಡರೆ ಸಾಕು. ಹೊಸಬರು ಮೊದಲು ಸೆಂಟರಿನ ಬಾಗಿಲು ತಟ್ಟುವುದು ಒಳ್ಳೆಯದು ಎಂಬುದು ನನ್ನ ಸಲಹೆ, ಏಕೆಂದರೆ ಮಾದರಿಯ ಗುಂಪಿನವರು ಪತ್ರಕ್ಕೆ ಉತ್ತರ ಕೊಡಬಲ್ಲರು, ನೆರೆಹೊರೆಯವರು ಬಾನೆಟ್ಟಿನ ಒಳಗೆ ಕೈ ಹಾಕಬಲ್ಲರು.

ಆ ಕೈ ಹಾಕುವ ಕೆಲಸ ನಡೆಯುವುದು ನ್ಯಾಟರ್ ಎಂದು ಕರೆಯುವ ಮಾಸಿಕ ಕೂಟದಲ್ಲಿ. ಹಳ್ಳಿಯ ಪಬ್ ಒಂದರಲ್ಲಿ ವಾರದ ದಿನದ ಸಂಜೆ ಹತ್ತಿಪ್ಪತ್ತು ಜನ ಸೇರುತ್ತಾರೆ. ಕಾರ್ಯಸೂಚಿ ಎಂಬುದಿಲ್ಲ, ಕಾರ್ಯದರ್ಶಿ ಎದ್ದು ನಿಂತು ಮುಂದಿನ ತಿಂಗಳ ಪ್ರವಾಸದ ವಿವರವನ್ನು ಎರಡು ನಿಮಿಷದಲ್ಲಿ ಹೇಳಿ ಕುಳಿತರೆ ಸಭೆ ಮುಗಿಯಿತು. ಮಿಕ್ಕ ಹೊತ್ತೆಲ್ಲ ಮಾತು. ಸಸ್ಯಾಹಾರಿಗಳಿಗೆ ಚೀಸ್ ಸ್ಯಾಂಡ್‌ವಿಚ್ ಮತ್ತು ಆಲೂಗಡ್ಡೆಯ ಚಿಪ್ಸ್ ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲವಾದ್ದರಿಂದ ಮನೆಯಲ್ಲಿ ಊಟ ಮಾಡಿಕೊಂಡು ಹೋಗುವುದು ಕ್ಷೇಮ. ಬೇಸಿಗೆಯಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುವುದರಿಂದ ಮಾತು ಬಹುಬೇಗ ಒಳಗಿನಿಂದ ಹೊರಗಿನ ಅಂಗಳಕ್ಕೆ, ಅಂಗಳದಿಂದ ಯಾವುದಾದರೂ ತೆರೆದ ಬಾನೆಟ್ಟಿನ ಸುತ್ತಕ್ಕೆ ಸರಿಯುತ್ತದೆ.

ಒಂದು ಸಂಜೆಯ ಸಂಗತಿಯನ್ನು ವಿವರವಾಗಿ ಹೇಳಿದರೆ ಈ ಸೇವೆಯ ಬೆಲೆ ತಿಳಿಯುತ್ತದೆ. ನನ್ನ ಕಾರು ಅರ್ಧ ಗಂಟೆ ಓಡಿ ಚೆನ್ನಾಗಿ ಬಿಸಿಯಾದ ಮೇಲೆ ಮಿಸ್ ಹೊಡೆಯಲು ತೊಡಗುತ್ತಿತ್ತು. ಏರಿನಲ್ಲಿ ಪಿಕಪ್ ಬಿದ್ದುಹೋಗುತ್ತಿತ್ತು. ತಣ್ಣಗಾಗಲು ಬಿಟ್ಟರೆ ಮತ್ತೆ ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು. ನಾನು ಕಾರನ್ನು ಬಿಟ್ಟಿದ್ದ ಒಂದು ಗ್ಯಾರೇಜಿನವರು ಎರಡೂ ಕಾರ್ಬುರೇಟರ್‌ಗಳು ಸವೆದಿವೆ, ಹೊಸ ಜೋಡಿ ಹಾಕಿಸಬೇಕು ಎಂದು ದೊಡ್ಡ ಮೊತ್ತದ ಅಂದಾಜುಪಟ್ಟಿ ಕೊಟ್ಟಿದ್ದರು. ಆ ಪಟ್ಟಿಯನ್ನು ನಾನು ನ್ಯಾಟರಿನಲ್ಲಿ ಮೇಜಿನ ಮೇಲಿಟ್ಟಾಗ ಯಾರೂ ಅದನ್ನು ಓದುವ ಗೋಜಿಗೆ ಹೋಗಲಿಲ್ಲ. ನಿವೃತ್ತ ಎಂಜಿನಿಯರ್ ಒಬ್ಬರು ಒಂದಾದ ಮೇಲೊಂದರಂತೆ ಪ್ರಶ್ನೆ ಕೇಳಿದರು. ಬಿಸಿಯಾದ ಮೇಲೆ ಮಾತ್ರವೇ? ಚೋಕ್ ಎಳೆದರೆ ಸುಧಾರಿಸುತ್ತದೆಯೇ, ಹಾಗೆಯೇ ಇರುತ್ತದೆಯೇ? ನಿಂತುಹೋದಾಗ ಇಗ್ನಿಷನ್ ಆನ್ ಮಾಡಿದರೆ ಹಿಂದುಗಡೆ ಪಂಪಿನ ಸದ್ದು ಕೇಳುತ್ತದೆಯೇ?

ಈ ಪ್ರಶ್ನೆಗಳಲ್ಲಿ ಒಂದೊಂದೂ ಒಂದೊಂದು ಬಾಗಿಲನ್ನು ಮುಚ್ಚುತ್ತಾ ಹೋಗುತ್ತದೆ ಎಂಬುದು ನನಗೆ ಆಮೇಲೆ ಅರ್ಥವಾಯಿತು. ಎಂ.ಜಿ.ಬಿ.ಯ ಎಸ್.ಯು. ಕಂಪನಿಯ ಪೆಟ್ರೋಲ್ ಪಂಪು ವಿದ್ಯುತ್ತಿನಿಂದ ನಡೆಯುವಂಥದ್ದು; ಕೀಲಿ ತಿರುಗಿಸಿದ ಕೂಡಲೇ ಟಿಕ್ ಟಿಕ್ ಎಂದು ಬಡಿದು, ಕಾರ್ಬುರೇಟರಿನ ತೊಟ್ಟಿ ತುಂಬಿದೊಡನೆ ಸುಮ್ಮನಾಗುತ್ತದೆ. ಅದು ಬಡಿಯದಿದ್ದರೆ ಪಂಪಿನ ಒಳಗಿನ ಪಾಯಿಂಟ್ಸ್, ಅಂದರೆ ವಿದ್ಯುತ್ ಸಂಪರ್ಕದ ತುದಿಗಳು, ಅಂಟಿಕೊಂಡಿವೆ ಎಂದು ಅರ್ಥ. ನಿಲ್ಲದೇ ಬಡಿಯುತ್ತಲೇ ಇದ್ದರೆ ಪೆಟ್ರೋಲಿನ ಬದಲು ಗಾಳಿ ಎಳೆಯುತ್ತಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ ಎಂದು ಅರ್ಥ. ನನ್ನದು ಸರಿಯಾಗಿ ಬಡಿದು ಸರಿಯಾಗಿ ನಿಲ್ಲುತ್ತಿತ್ತು. ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಿಸುವ ಚೋಕ್ ಎಳೆದರೂ ಏನೂ ಬದಲಾಗುತ್ತಿರಲಿಲ್ಲ. ಹಾಗಾದರೆ ಪೆಟ್ರೋಲಿನ ದೋಷವಲ್ಲ ಎಂದು ಆ ಹಿರಿಯರು ತೀರ್ಮಾನಿಸಿ, ಕಾರ್ಬುರೇಟರಿನ ಕಾಯಿಲೆಗಳಲ್ಲಿ ಹೆಚ್ಚಿನವು ಇಗ್ನಿಷನ್ನಿನ ಕಾಯಿಲೆಗಳೇ ಎಂಬ, ಹಳಬರ ನಡುವೆ ಬಹಳ ಕಾಲದಿಂದ ಚಾಲ್ತಿಯಲ್ಲಿರುವ ಮಾತನ್ನು ಹೇಳಿ, ತಮ್ಮ ಕಾರಿನ ಡಿಕ್ಕಿಯಿಂದ ಒಂದು ಹಳೆಯ ತಗಡಿನ ಡಬ್ಬಿ ತಂದರು. ಪ್ಲಗ್ಗುಗಳಿಗೆ ಕಿಡಿ ಹಂಚುವ ಲೂಕಾಸ್ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಬೆರಳಿನ ತುದಿಯಷ್ಟು ದೊಡ್ಡದಾದ ಕಂಡೆನ್ಸರ್ ಒಂದನ್ನು ಬಿಚ್ಚಿ, ಡಬ್ಬಿಯಲ್ಲಿದ್ದ ಹಳೆಯ ದಾಸ್ತಾನಿನ ಇನ್ನೊಂದನ್ನು ಕೂರಿಸಿದರು. ಡಿಸ್ಟ್ರಿಬ್ಯೂಟರಿನ ಪಾಯಿಂಟ್ಸ್ ನಡುವೆ ಫೀಲರ್ ಗೇಜ್ ಎಂಬ ತೆಳು ಅಳತೆಪಟ್ಟಿ ತೂರಿಸಿ 0.015 ಇಂಚಿನ ಅಂತರ ಇದೆಯೆಂದು ಖಚಿತಪಡಿಸಿಕೊಂಡರು. ಮನೆಗೆ ಬರುವ ದಾರಿಯ ಏರನ್ನು ಕಾರು ಮೂರನೇ ಗೇರಿನಲ್ಲಿ ಎಲ್ಲೂ ತಡವರಿಸದೆ ಹತ್ತಿತು. ಬಿಸಿಯಾದಾಗ ಕಂಡೆನ್ಸರಿನ ಒಳಗಿನ ನಿರೋಧಕ ಪದರ ಸೋತು ಕಿಡಿ ಬಡವಾಗುತ್ತಿದ್ದುದು, ತಣ್ಣಗಾದಾಗ ಅದು ಮತ್ತೆ ಚೇತರಿಸಿಕೊಳ್ಳುತ್ತಿದ್ದುದು ಇಷ್ಟೇ ಅದರ ರಹಸ್ಯ.

ಆದರೆ ಇದನ್ನು ಪವಾಡದಂತೆ ವರ್ಣಿಸುವುದು ತಪ್ಪಾದೀತು. ಹೊಸದಾಗಿ ತಯಾರಾಗಿ ಬರುವ ಕಂಡೆನ್ಸರ್ ಮತ್ತು ರೋಟರ್‌ಗಳ ಗುಣಮಟ್ಟ ಕೆಟ್ಟಿರುವುದು ಹಳೆಯ ಕಾರುಗಳ ವಲಯದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಗೊತ್ತಿದ್ದವರೊಂದಿಗೆ ಕುಳಿತರೆ ಅದು ನಿಮಗೂ ಗೊತ್ತಾಗುತ್ತದೆ, ಅಷ್ಟೆ. ಕ್ಲಬ್ಬಿನ ಚಂದಾ ಕೊಳ್ಳುವುದು ಈ ಗೊತ್ತಿರುವಿಕೆಯನ್ನು. ಕೈಪಿಡಿಯಲ್ಲಿ ಡಿಸ್ಟ್ರಿಬ್ಯೂಟರ್ ಬಿಚ್ಚುವುದು ಹೇಗೆಂದು ಬರೆದಿರುತ್ತದೆ, ಯಾವಾಗ ಬಿಚ್ಚಬೇಕು ಎಂದು ಬರೆದಿರುವುದಿಲ್ಲ.

ಎಂಜಿನ್ ಮಾತಿಗೆ ಒಂದು ಶಿಸ್ತಿದೆ. ಟ್ಯೂನಿಂಗ್ ಎಂದಾಗ ಹೊಸಬರ ಕೈ ನೇರವಾಗಿ ಕಾರ್ಬುರೇಟರಿನ ಸ್ಕ್ರೂಗೆ ಹೋಗುತ್ತದೆ. ಹಳಬರು ಆ ಕೈಯನ್ನು ಹಿಡಿದು ನಿಲ್ಲಿಸುತ್ತಾರೆ. ಮೊದಲು ಟ್ಯಾಪೆಟ್, ಅಂದರೆ ವಾಲ್ವುಗಳ ಮೇಲಿನ ಅಂತರ, ಅನಂತರ ಪ್ಲಗ್ ಮತ್ತು ಪಾಯಿಂಟ್ಸ್, ಆಮೇಲೆ ಕಿಡಿ ಹಾರುವ ಕ್ಷಣದ ಟೈಮಿಂಗ್, ಎಲ್ಲಕ್ಕೂ ಕೊನೆಯಲ್ಲಿ ಕಾರ್ಬುರೇಟರ್. ಟ್ಯಾಪೆಟ್ ಕೂರಿಸಲು ಅವರು ಬಳಸುವ ಒಂಬತ್ತರ ಲೆಕ್ಕವನ್ನು ನಾನು ಯಾವ ಪುಸ್ತಕದಿಂದಲೂ ಅಷ್ಟು ಸ್ಪಷ್ಟವಾಗಿ ಕಲಿತಿರಲಿಲ್ಲ. ನಾಲ್ಕು ಸಿಲಿಂಡರಿನ ಈ ಎಂಜಿನ್ನಿನಲ್ಲಿ ಎಂಟು ವಾಲ್ವುಗಳು. ಮುಂದಿನಿಂದ ಹಿಂದಕ್ಕೆ ಒಂದರಿಂದ ಎಂಟರವರೆಗೆ ಎಣಿಸಿಕೊಂಡು, ಎಂಟನೆಯದು ಪೂರ್ತಿ ತೆರೆದಾಗ ಒಂದನೆಯದನ್ನು ಅಳೆಯಬೇಕು, ಆರನೆಯದು ತೆರೆದಾಗ ಮೂರನೆಯದನ್ನು, ನಾಲ್ಕನೆಯದು ತೆರೆದಾಗ ಐದನೆಯದನ್ನು. ತೆರೆದದ್ದು ಮತ್ತು ಅಳೆಯುವುದು ಎರಡನ್ನೂ ಕೂಡಿಸಿದರೆ ಸದಾ ಒಂಬತ್ತು. ಎಂಜಿನ್ ತಣ್ಣಗಿರುವಾಗ 0.015 ಇಂಚಿನ ಫೀಲರ್ ಗೇಜ್ ರಾಕರ್ ಮತ್ತು ವಾಲ್ವಿನ ತಲೆಯ ನಡುವೆ ಸ್ವಲ್ಪ ಬಿಗಿಯಾಗಿ ಎಳೆದುಬರಬೇಕು. ಎಷ್ಟು ಬಿಗಿ ಎಂಬುದನ್ನು ಬರಹದಲ್ಲಿ ತಿಳಿಸಲು ಯಾರಿಗೂ ಆಗುವುದಿಲ್ಲ. ನನಗೆ ತೋರಿಸಿದವರು ತಾವು ಎಳೆದ ಗೇಜನ್ನು ಹಾಗೆಯೇ ನನ್ನ ಕೈಗೆ ಕೊಟ್ಟು ಎಳೆಯಿಸಿದರು.

ಕಾರ್ಬುರೇಟರಿನ ಸರದಿ ಬಂದಾಗಲೂ ಯಂತ್ರಕ್ಕಿಂತ ಕಿವಿಯೇ ಮುಖ್ಯ. ನನ್ನ ಕಾರಿನ ಕಾಲದ ಎಂ.ಜಿ.ಬಿ.ಗಳಲ್ಲಿರುವುದು ಒಂದೂವರೆ ಇಂಚಿನ ಎರಡು ಎಸ್.ಯು. ಎಚ್.ಎಸ್.4 ಕಾರ್ಬುರೇಟರ್‌ಗಳು. ಎರಡೂ ಸಮನಾಗಿ ಗಾಳಿ ಎಳೆಯುತ್ತಿವೆಯೇ ಎಂದು ನೋಡಲು ಒಂದು ಮೊಳ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಮೊದಲು ಒಂದು ಕಾರ್ಬುರೇಟರಿನ ಬಾಯಿಗೂ ಆಮೇಲೆ ಇನ್ನೊಂದರ ಬಾಯಿಗೂ ಹಿಡಿದು, ಬುಸುಗುಡುವ ಸದ್ದು ಎರಡರಲ್ಲೂ ಒಂದೇ ಆಗುವವರೆಗೆ ಥ್ರಾಟಲ್ ಸ್ಕ್ರೂಗಳನ್ನು ತಿರುಗಿಸುತ್ತಾರೆ. ನಾಡಿ ಹಿಡಿದು ಕುಳಿತ ಹಳ್ಳಿಯ ವೈದ್ಯರ ಮುಖದಲ್ಲಿ ಕಾಣುವ ಏಕಾಗ್ರತೆಯನ್ನು ನಾನು ಇವರ ಮುಖದಲ್ಲಿ ಕಂಡಿದ್ದೇನೆ. ಆಮೇಲೆ ಮಿಶ್ರಣದ ಪರೀಕ್ಷೆ. ಕಾರ್ಬುರೇಟರಿನ ಕೆಳಗಿರುವ ಚಿಕ್ಕ ಪಿನ್ನನ್ನು ಬೆರಳಿನಿಂದ ಒತ್ತಿ ಅದರೊಳಗಿನ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಬೇಕು. ಎಂಜಿನ್ನಿನ ವೇಗ ಏರಿ ಹಾಗೆಯೇ ನಿಂತರೆ ಪೆಟ್ರೋಲ್ ಹೆಚ್ಚಾಗಿದೆ. ಎಂಜಿನ್ ಸತ್ತೇಹೋದರೆ ಪೆಟ್ರೋಲ್ ಕಡಿಮೆಯಾಗಿದೆ. ವೇಗ ಒಂದು ಕ್ಷಣ ಮೇಲಕ್ಕೆದ್ದು ಮತ್ತೆ ಮೊದಲಿನ ಮಟ್ಟಕ್ಕೆ ಇಳಿದರೆ ಸರಿಯಾಗಿದೆ. ತಿದ್ದಬೇಕಾದದ್ದು ಪೆಟ್ರೋಲ್ ಬರುವ ಜೆಟ್ಟಿನ ಆರು ಮೂಲೆಯ ನಟ್ಟನ್ನು, ಅದೂ ಒಂದು ಸಲಕ್ಕೆ ಒಂದೇ ಮುಖದಷ್ಟು. ಅವಸರದವರು ಮೂರು ಮುಖ ತಿರುಗಿಸಿದರೆ ಪಕ್ಕದಲ್ಲಿ ನಿಂತವರು ಮಾತನಾಡದೆ ಕೆಮ್ಮುತ್ತಾರೆ.

ಇಲ್ಲಿ ನಮ್ಮ ಊರಿನ ಒಂದು ಎಳೆಯೂ ಸೇರಿಕೊಂಡಿದೆ. ಎಂ.ಜಿ.ಬಿ.ಯ 1798 ಸಿ.ಸಿ. ಎಂಜಿನ್ ಆಗ ಎಂ.ಜಿ.ಯ ಒಡೆಯನಾಗಿದ್ದ ಬಿ.ಎಂ.ಸಿ. (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಸಂಸ್ಥೆಯ ಬಿ ಸರಣಿಗೆ ಸೇರಿದ್ದು. 1955ರಲ್ಲಿ ಬಂದ ಎಂ.ಜಿ.ಎ. 1500 ಕಾರಿನ 1489 ಸಿ.ಸಿ. ಎಂಜಿನ್ ಅದರ ಅಣ್ಣ. ಮತ್ತು ಅದೇ 1489 ಸಿ.ಸಿ.ಯ ಬಿ ಸರಣಿಯ ಎಂಜಿನ್ನೇ, ಒಂಟಿ ಕಾರ್ಬುರೇಟರಿನೊಂದಿಗೆ, ದಶಕಗಳ ಕಾಲ ನಮ್ಮ ಅಂಬಾಸಿಡರನ್ನು ಎಳೆದದ್ದು. ಶಿವಮೊಗ್ಗದ ಟ್ಯಾಕ್ಸಿ ನಿಲ್ದಾಣದಲ್ಲಿ ಮುಂಜಾನೆ ಕೇಳಿಬರುತ್ತಿದ್ದ ಟ್ಯಾಪೆಟ್ಟಿನ ಕಟಕಟ ಸದ್ದಿಗೂ ಸಿಲ್ವರ್‌ಸ್ಟೋನಿನ ರೇಸ್ ಮೈದಾನದಲ್ಲಿ ಸಾಲಾಗಿ ನಿಂತ ಕೆಂಪು ರೋಡ್‌ಸ್ಟರ್‌ಗಳ ಸದ್ದಿಗೂ ರಕ್ತಸಂಬಂಧವಿದೆ ಎಂದು ಹೇಳಿದಾಗ ಇಲ್ಲಿನ ಹಿರಿಯರು ನಗಲಿಲ್ಲ. ಬದಲಿಗೆ, ಭಾರತದ ಪೆಟ್ರೋಲಿನಲ್ಲಿ ಅದರ ವಾಲ್ವುಗಳು ಎಷ್ಟು ಕಾಲ ಬಾಳುತ್ತಿದ್ದವು, ಹೆಡ್ ಎಷ್ಟು ವರ್ಷಕ್ಕೊಮ್ಮೆ ಬಿಚ್ಚುತ್ತಿದ್ದರು ಎಂದು ವಿಚಾರಿಸತೊಡಗಿದರು. ನಮ್ಮ ಮೆಕ್ಯಾನಿಕ್‌ಗಳು ಪ್ಲಗ್ಗಿನ ಗ್ಯಾಪ್ ನೋಡಲು ಹ್ಯಾಕ್ಸಾ ಬ್ಲೇಡಿನ ತುಂಡನ್ನು ತೂರಿಸುತ್ತಿದ್ದರು ಎಂದಾಗ ಒಬ್ಬರು ಥಟ್ಟನೆ ಎದ್ದುಹೋಗಿ ತಮ್ಮ ಉಪಕರಣದ ಪೆಟ್ಟಿಗೆಯಿಂದ ಒಂದು ಬ್ಲೇಡ್ ತಂದು ಮೈಕ್ರೋಮೀಟರಿನಲ್ಲಿ ಅಳೆದರು. ಸುಮಾರು 0.025 ಇಂಚು, ಎಂ.ಜಿ.ಬಿ.ಯ ಕೈಪಿಡಿ ಹೇಳುವ ಪ್ಲಗ್ಗಿನ ಅಂತರವೂ ಅಷ್ಟೇ.

ಒಳ್ಳೆಯ ಎಂಜಿನ್ ಮಾತು ಇತಿಹಾಸಕ್ಕೂ ತಾನಾಗಿಯೇ ಹರಿಯುತ್ತದೆ. ಬಿ ಸರಣಿಯ ಎಂಜಿನ್ನುಗಳಲ್ಲಿ ಮೊದಲಿನವಕ್ಕೆ, ಪಿಸ್ಟನ್ನುಗಳ ಏರಿಳಿತವನ್ನು ಸುತ್ತಾಟವಾಗಿಸುವ ಕ್ರ್ಯಾಂಕಿನ ಮುಖ್ಯ ಬೇರಿಂಗ್‌ಗಳು ಮೂರೇ. 1964ರ ಕೊನೆಯ ಹೊತ್ತಿಗೆ ಎಂ.ಜಿ.ಬಿ.ಗೆ ಐದು ಬೇರಿಂಗ್‌ಗಳ ಕ್ರ್ಯಾಂಕ್ ಬಂದಿತು. ಮೂರರದು ಹಗುರವಾಗಿ ಸುತ್ತುತ್ತದೆ ಎನ್ನುವ ಪಂಗಡ, ಐದರದು ನಯವಾಗಿ, ಗಟ್ಟಿಯಾಗಿ ಬಾಳುತ್ತದೆ ಎನ್ನುವ ಪಂಗಡ, ಎರಡೂ ಒಂದೇ ಮೇಜಿನಲ್ಲಿ ಕುಳಿತಿರುತ್ತವೆ. ನನಗೆ ಅತಿ ಹೆಚ್ಚು ಇಷ್ಟವಾದದ್ದು ಎಂ.ಜಿ.ಎ. ಟ್ವಿನ್ ಕ್ಯಾಮ್ ಕಾರಿನ ಬಗ್ಗೆ ನಡೆಯುವ ಚರ್ಚೆ. 1958ರಿಂದ 1960ರವರೆಗೆ ಕೇವಲ 2111 ಕಾರುಗಳು ತಯಾರಾದ ಈ ಮಾದರಿಯ 1588 ಸಿ.ಸಿ. ಎಂಜಿನ್ನಿನಲ್ಲಿ ಪಿಸ್ಟನ್ನುಗಳು ಸುಟ್ಟು ತೂತಾಗುತ್ತಿದ್ದವು. ಕಾರ್ಖಾನೆಯವರು ಪೆಟ್ರೋಲಿನ ಗುಣಮಟ್ಟವನ್ನೂ ಟೈಮಿಂಗನ್ನೂ ಶಂಕಿಸಿದರು, 9.9ಕ್ಕೆ 1ರಷ್ಟಿದ್ದ ಕಂಪ್ರೆಷನ್ ಅನುಪಾತವನ್ನು 8.3ಕ್ಕೆ ಇಳಿಸಿದರು, ಆದರೂ ಕೆಟ್ಟ ಹೆಸರು ಹೋಗದೆ ಮಾದರಿಯೇ ನಿಂತುಹೋಯಿತು. ಮಾಲೀಕರು ಮತ್ತು ಪರಿಣತರು ಬಹುಕಾಲದ ಮೇಲೆ ಎತ್ತಿ ತೋರಿದ ಮುಖ್ಯ ಕಾರಣ ಬೇರೆಯೇ ಇತ್ತು: ಒಂದು ನಿರ್ದಿಷ್ಟ ವೇಗದಲ್ಲಿ ಎಂಜಿನ್ನಿನ ಕಂಪನದಿಂದ ಕಾರ್ಬುರೇಟರಿನ ತೊಟ್ಟಿಯಲ್ಲಿ ಪೆಟ್ರೋಲ್ ನೊರೆಗಟ್ಟಿ, ಸಿಲಿಂಡರಿಗೆ ಹೋಗುವ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ, ಪಿಸ್ಟನ್ ಕಾದು ಸುಡುತ್ತಿತ್ತು. ಕಾರ್ಬುರೇಟರನ್ನು ಕಂಪನ ತಾಗದಂತೆ ಮೆತ್ತನೆಯ ಆಧಾರದ ಮೇಲೆ ಕೂರಿಸಿದ ಟ್ವಿನ್ ಕ್ಯಾಮ್‌ಗಳು ಇಂದು ತೊಂದರೆಯಿಲ್ಲದೆ ಓಡಾಡುತ್ತಿವೆ. ಕಾರ್ಖಾನೆ ಕೈಬಿಟ್ಟ ಒಗಟನ್ನು ಮಾಲೀಕರ ಹಠ ಬಿಡಿಸಿದ ಇಂಥ ಪ್ರಸಂಗಗಳೇ ಕ್ಲಬ್ ಎಂಬ ಏರ್ಪಾಟಿಗಿರುವ ದೊಡ್ಡ ಸಮರ್ಥನೆ ಎಂದು ನನಗೆ ತೋರುತ್ತದೆ.

ಇದೇ ಮಾತಿಗೆ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಡಬಾರದು. ಎಂಜಿನ್ ಆಯಿಲ್ಲಿನ ವಿಷಯ ಬಂದರೆ ಇಂಥ ಕೂಟಗಳಲ್ಲಿ ವಿವೇಕ ಬೇಗ ಎದ್ದುಹೋಗುತ್ತದೆ. ಹಳೆಯ ಎಂಜಿನ್ನುಗಳ ಕ್ಯಾಮ್ ಮತ್ತು ಟ್ಯಾಪೆಟ್ಟುಗಳು ಸವೆಯದಿರಲು ಆಯಿಲ್ಲಿನಲ್ಲಿ ಸತು ಮತ್ತು ರಂಜಕದ ಸಂಯುಕ್ತ ಸಾಕಷ್ಟಿರಬೇಕು, ಇಂದಿನ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರ್ ಕೆಡದಿರಲೆಂದು ಹೊಸ ಆಯಿಲ್‌ಗಳಲ್ಲಿ ಅದನ್ನು ಕಡಿಮೆ ಮಾಡಿದ್ದಾರೆ, ಆದ್ದರಿಂದ ಹಳೆಯ ಕಾರುಗಳಿಗೆಂದೇ ಮಾಡಿದ 20ಡಬ್ಲ್ಯೂ50 ಆಯಿಲ್ ಹಾಕುವುದು ಒಳ್ಳೆಯದು. ಇಷ್ಟು ತಿಳಿದರೆ ಸಾಕು. ಆದರೆ ಯಾವ ಬ್ರಾಂಡ್ ಎಂಬ ವಾಗ್ವಾದ ಗಂಟೆಗಟ್ಟಲೆ ನಡೆಯುತ್ತದೆ, ಯಾರೂ ಯಾರನ್ನೂ ಒಪ್ಪಿಸುವುದಿಲ್ಲ. ಕಾರ್ಬುರೇಟರಿನ ಡ್ಯಾಶ್‌ಪಾಟಿಗೆ ಯಾವ ಎಣ್ಣೆ ಎಂಬ ಉಪವಾದವೂ ಇದೆ. ಪಾಯಿಂಟ್ಸ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿಕೊಂಡವರನ್ನು ಧರ್ಮ ಬಿಟ್ಟವರಂತೆ ನೋಡುವ ಮಂದಿಯೂ ಇದ್ದಾರೆ. ನನ್ನ ದೃಷ್ಟಿಯಲ್ಲಿ ದಿನವೂ ಓಡಿಸುವ ಕಾರಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ನಿನಿಂದ ಲಾಭವೇ ಹೆಚ್ಚು, ಆದರೆ ಬಿಚ್ಚಿದ ಪಾಯಿಂಟ್ಸನ್ನು ಡಿಕ್ಕಿಯಲ್ಲಿ ಇಟ್ಟುಕೊಂಡಿರಬೇಕು, ಏಕೆಂದರೆ ದಾರಿಯ ಮಧ್ಯೆ ಕೆಟ್ಟ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ಸ್ಕ್ರೂ ಡ್ರೈವರಿನಿಂದ ಸರಿಪಡಿಸಲು ಆಗುವುದಿಲ್ಲ.

ಪೆಟ್ರೋಲಿನ ವಿಷಯದಲ್ಲಿ ಮಾತ್ರ ಚರ್ಚೆ ಉಪಯುಕ್ತ ಮಟ್ಟದಲ್ಲಿರುತ್ತದೆ. ಸೀಸ ಬೆರೆತ ಪೆಟ್ರೋಲಿನ ಸಾಮಾನ್ಯ ಮಾರಾಟ ಇಲ್ಲಿ 1999ರ ಕೊನೆಗೆ ನಿಂತಿತು. ಸೀಸ ವಾಲ್ವಿನ ಸೀಟುಗಳ ಮೇಲೆ ರಕ್ಷಣೆಯ ಪದರವಾಗಿ ಕೂರುತ್ತಿತ್ತು. ಅದಿಲ್ಲದಿದ್ದಾಗ ಎರಕದ ಕಬ್ಬಿಣದ ಹೆಡ್ಡಿನಲ್ಲಿ ಎಕ್ಸಾಸ್ಟ್ ವಾಲ್ವು ನಿಧಾನವಾಗಿ ಸೀಟನ್ನು ಕೊರೆದುಕೊಂಡು ಒಳಗಿಳಿಯುತ್ತದೆ, ಟ್ಯಾಪೆಟ್ಟಿನ ಅಂತರ ಪದೇ ಪದೇ ಕಡಿಮೆಯಾಗುವುದೇ ಅದರ ಮೊದಲ ಸೂಚನೆ. ಗಟ್ಟಿ ಲೋಹದ ಸೀಟು ಕೂರಿಸಿದ ಹೆಡ್ ಹಾಕಿಸಬೇಕೇ, ಸೇರ್ಪಡೆಯ ದ್ರವ ಬೆರೆಸಿ ಓಡಿಸಿದರೆ ಸಾಕೇ ಎಂಬುದಕ್ಕೆ ಅನುಭವಿಗಳ ಉತ್ತರ ಒಂದೇ: ವರ್ಷಕ್ಕೆ ಎಷ್ಟು ಮೈಲಿ, ಎಷ್ಟು ವೇಗ ಎಂದು ಮೊದಲು ಹೇಳಿ. 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪುಗಳು ಮೆತ್ತಗಾಗಿ ಸೋರುವ ಭಯವಿದೆ. ಬಂಕಿನಲ್ಲಿ ಇ5 (ಶೇ. 5ರವರೆಗೆ ಎಥನಾಲ್) ಎಂದು ಬರೆದಿರುವ ಸೂಪರ್ ದರ್ಜೆಯನ್ನೇ ತುಂಬಿಸಿ, ಪೈಪುಗಳನ್ನು ಎಥನಾಲ್ ತಾಳುವಂಥವಕ್ಕೆ ಬದಲಾಯಿಸಿ ಎಂಬ ಸಲಹೆಯನ್ನು ನಾನೂ ಪಾಲಿಸಿದ್ದೇನೆ. ಎಥನಾಲ್ ಬೆರೆತ ಪೆಟ್ರೋಲಿನ ಬಗ್ಗೆ ಈಗ ಭಾರತದಲ್ಲಿಯೂ ಹಳೆಯ ವಾಹನಗಳ ಮಾಲೀಕರು ತಲೆಕೆಡಿಸಿಕೊಳ್ಳುತ್ತಿರುವುದರಿಂದ ಈ ಮಾತು ಅಲ್ಲಿನವರಿಗೂ ಉಪಯೋಗವಾದೀತು.

ಇನ್ನು ಕಾರ್ಯಕ್ರಮಗಳು. ಬೇಸಿಗೆಯ ಭಾನುವಾರಗಳಲ್ಲಿ ಸೆಂಟರಿನವರು ನಡೆಸುವ ಪ್ರವಾಸಗಳಲ್ಲಿ ಪ್ರತಿ ಕಾರಿಗೂ ಒಂದು ರೋಡ್‌ಬುಕ್ ಕೊಡುತ್ತಾರೆ. ಪ್ರತಿ ತಿರುವಿಗೂ ಬಾಣದ ಗುರುತಿನ ಚಿಕ್ಕ ಚಿತ್ರ ಮತ್ತು ಹಿಂದಿನ ತಿರುವಿನಿಂದ ಇರುವ ದೂರ ಅದರಲ್ಲಿರುತ್ತದೆ. ಪಕ್ಕದ ಸೀಟಿನವರು ಅದನ್ನು ಓದಿ ಹೇಳಬೇಕು. ದಂಪತಿಗಳ ತಾಳ್ಮೆಯನ್ನು ಪರೀಕ್ಷಿಸಲು ಇದಕ್ಕಿಂತ ಉತ್ತಮ ಸಾಧನವನ್ನು ನಾನು ನೋಡಿಲ್ಲ. 1900ರಲ್ಲಿ ನಡೆದ ಸಾವಿರ ಮೈಲಿಗಳ ಪ್ರಯೋಗಯಾತ್ರೆಯ ನೆನಪಿಗೆ ಏಪ್ರಿಲಿನಲ್ಲಿ ದೇಶದಾದ್ಯಂತ ಆಚರಿಸುವ ಡ್ರೈವ್ ಇಟ್ ಡೇಯಂದು ಎಲ್ಲ ಜಾತಿಯ ಹಳೆಯ ಕಾರುಗಳು ರಸ್ತೆಗಿಳಿಯುತ್ತವೆ, ಕ್ಲಬ್ಬಿನವರೂ ಅದರಲ್ಲಿ ಸೇರುತ್ತಾರೆ. ಸಿಲ್ವರ್‌ಸ್ಟೋನಿನಲ್ಲಿ ನಡೆಯುವ ಎಂ.ಜಿ. ಮೇಳ ನೋಡಲೇಬೇಕಾದದ್ದು, ಆದರೆ ಅದರ ನಿಜವಾದ ಆಕರ್ಷಣೆ ಟ್ರ್ಯಾಕಿನಲ್ಲಿಲ್ಲ, ಹಳೆಯ ಬಿಡಿಭಾಗಗಳನ್ನು ರಾಶಿ ಹಾಕಿ ಮಾರುವ ಸಾಲಿನಲ್ಲಿದೆ. ಬೆಳಿಗ್ಗೆ ಬೇಗ ಹೋದವರಿಗೆ ಒಳ್ಳೆಯದು ಸಿಗುತ್ತದೆ. ರೇಸಿನಲ್ಲಿ ಆಸಕ್ತಿ ಇದ್ದವರಿಗೆ ಎಂ.ಜಿ.ಬಿ., ಎಂ.ಜಿ.ಸಿ. ಮತ್ತು ವಿ8 ಕಾರುಗಳ ಬಿ.ಸಿ.ವಿ.8 ಪಂದ್ಯಾವಳಿ 1977ರಿಂದ ನಡೆದುಕೊಂಡು ಬಂದಿದೆ; ಭಾಗವಹಿಸದಿದ್ದರೂ ರೇಸಿನ ಕಾರುಗಳನ್ನು ನಿಲ್ಲಿಸುವ ಪ್ಯಾಡಕ್ಕಿನಲ್ಲಿ ಸುತ್ತಾಡಿ, 3528 ಸಿ.ಸಿ.ಯ ಅಲ್ಯೂಮಿನಿಯಂ ವಿ8 ಎಂಜಿನ್ ನಾಲ್ಕು ಸಿಲಿಂಡರಿನ ಕಬ್ಬಿಣದ ಎಂಜಿನ್ನಿಗಿಂತ ಹೆಚ್ಚು ಭಾರವಿಲ್ಲದೆ ಅದೇ ಬಾನೆಟ್ಟಿನ ಕೆಳಗೆ ಹೇಗೆ ಕೂರುತ್ತದೆ ಎಂದು ಕಣ್ಣಾರೆ ನೋಡಬಹುದು.

ಕಾಗದಪತ್ರದ ಸೇವೆಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಹಳೆಯ ಕಾರುಗಳ ವಿಮೆಯಲ್ಲಿ ಕಾರಿನ ಬೆಲೆಯನ್ನು ಮೊದಲೇ ನಿಗದಿಪಡಿಸುವ ಒಪ್ಪಿತ ಮೌಲ್ಯದ ಪಾಲಿಸಿಯನ್ನೇ ಮಾಡಿಸಬೇಕು. ಅದಕ್ಕೆ ಕ್ಲಬ್ಬಿನ ಮೂಲಕ ಮಾಡಿಸಿದ ಮೌಲ್ಯಮಾಪನ ಪತ್ರ ವಿಮಾದಾರರ ಬಳಿ ತೂಕ ಪಡೆಯುತ್ತದೆ. ಕಾರು ಕಾರ್ಖಾನೆಯಿಂದ ಯಾವ ಬಣ್ಣದಲ್ಲಿ, ಯಾವ ದಿನ ಹೊರಬಿತ್ತು ಎಂಬ ದಾಖಲೆ ಬೇಕಾದ ಎಂ.ಜಿ.ಬಿ. ಮಾಲೀಕರು ಗೇಡನ್ನಿನ ಬ್ರಿಟಿಷ್ ಮೋಟಾರ್ ಮ್ಯೂಸಿಯಂನಿಂದ ಶುಲ್ಕ ಕೊಟ್ಟು ಪ್ರಮಾಣಪತ್ರ ಪಡೆಯಬಹುದು. ಅಬಿಂಗ್ಡನ್ನಿನಲ್ಲಿರುವ ಕ್ಲಬ್ಬಿನ ಕಚೇರಿಗೆ ಕಿಂಬರ್ ಹೌಸ್ ಎಂದು ಹೆಸರು. ಹಳೆಯ ಕಾರ್ಖಾನೆಯ ಜಾಗಕ್ಕೆ ಸಮೀಪ. ಸದಸ್ಯರಿಗೆ ಬರುವ ಸೇಫ್ಟಿ ಫಾಸ್ಟ್ ಎಂಬ ಪತ್ರಿಕೆ ಚೆನ್ನಾಗಿ ಮುದ್ರಣವಾಗುತ್ತದೆ. ನಾನು ಅದರಲ್ಲಿ ಮೊದಲು ತಿರುವುವುದು ಕೊನೆಯ ಪುಟಗಳ ಬಿಡಿಭಾಗದ ಜಾಹೀರಾತುಗಳನ್ನು.

ಕಾರು ರಸ್ತೆಗೆ ಯೋಗ್ಯವೇ ಎಂದು ನೋಡುವ ಎಂ.ಒ.ಟಿ. ತಪಾಸಣೆಯ ವಿಷಯದಲ್ಲಿ ಕ್ಲಬ್ಬಿನ ಹಿರಿಯರ ನಡತೆ ನನಗೆ ಮೆಚ್ಚುಗೆಯಾಯಿತು. ಬಹಳವಾಗಿ ಮಾರ್ಪಡಿಸದ, 40 ವರ್ಷ ದಾಟಿದ ಕಾರುಗಳಿಗೆ 2018ರ ಮೇ ತಿಂಗಳಿನಿಂದ ವಾರ್ಷಿಕ ತಪಾಸಣೆಯ ಕಡ್ಡಾಯವಿಲ್ಲ. ಆದರೂ ನನಗೆ ಪರಿಚಯವಿರುವ ಸದಸ್ಯರಲ್ಲಿ ಅನೇಕರು ತಾವಾಗಿಯೇ ಹೋಗಿ ಮಾಡಿಸಿಕೊಂಡು ಬರುತ್ತಾರೆ. ಎಂಜಿನ್ ಕೆಟ್ಟರೆ ಕಾರು ನಿಲ್ಲುತ್ತದೆ, ಬ್ರೇಕ್ ಕೆಟ್ಟರೆ ಕಾರು ನಿಲ್ಲುವುದಿಲ್ಲ ಎಂದು ಅವರಲ್ಲೊಬ್ಬರು ಇದಕ್ಕೆ ಕೊಟ್ಟ ಕಾರಣ.

ಯಾರಿಗೆ ಈ ಸದಸ್ಯತ್ವ ಒಗ್ಗುವುದಿಲ್ಲ ಎಂಬುದನ್ನೂ ಹೇಳಬೇಕು. ಕ್ಲಬ್ಬು ಗ್ಯಾರೇಜ್ ಅಲ್ಲ. ಯಾರೋ ಬಂದು ಕಾರನ್ನು ರಿಪೇರಿ ಮಾಡಿಕೊಡುತ್ತಾರೆ ಎಂದು ಸೇರಿದವರಿಗೆ ನಿರಾಶೆ ಖಂಡಿತ. ಮೇಲೆ ಹೇಳಿದ ಕಂಡೆನ್ಸರಿನಂಥ ಉಪಕಾರ ಸಿಗುವುದು ನೀವೂ ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿದಾಗ. ಕಾರನ್ನು ಹೂಡಿಕೆಯೆಂದು ಕೊಂಡು ಶೆಡ್ಡಿನಲ್ಲಿ ಮುಚ್ಚಿಟ್ಟವರಿಗೆ ಇಲ್ಲಿ ಮಾತೇ ಹುಟ್ಟುವುದಿಲ್ಲ. ಚಿಕ್ಕ ಮಕ್ಕಳಿರುವ ಮನೆಗಳವರಿಗೆ ಎರಡು ಸೀಟಿನ ರೋಡ್‌ಸ್ಟರಿನಲ್ಲಿ ಭಾನುವಾರದ ಪ್ರವಾಸ ಹೊರಡುವುದು ಕಷ್ಟ, ಜಿ.ಟಿ.ಯ ಹಿಂದಿನ ಸೀಟು ಎಂಬುದು ಕೂಡ ಹೆಸರಿಗೆ ಮಾತ್ರ ಸೀಟು. ಹಳೆಯ ಕಾರುಗಳ ಕ್ಲಬ್ಬುಗಳಲ್ಲಿ ಸಾಮಾನ್ಯವಾಗಿ ನಿವೃತ್ತರೇ ಹೆಚ್ಚು. ಮೂವತ್ತರ ಹರೆಯದವರಿಗೆ ಮೊದಲ ಸಂಜೆ ಅಪ್ಪಂದಿರ ಸಭೆಗೆ ಬಂದಂತೆ ಅನ್ನಿಸಬಹುದು. ಆದರೆ ಎಂಜಿನ್ನಿನ ಬಗ್ಗೆ ನೇರವಾದ ಒಂದು ಪ್ರಶ್ನೆ ಕೇಳಿದರೆ ವಯಸ್ಸಿನ ಅಂತರ ಐದು ನಿಮಿಷವೂ ಉಳಿಯುವುದಿಲ್ಲ. ನನ್ನ ಉಚ್ಚಾರಣೆಯನ್ನಾಗಲಿ ಹೆಸರನ್ನಾಗಲಿ ಕುರಿತು ಅಲ್ಲಿ ಯಾರೂ ಹೆಚ್ಚು ಕುತೂಹಲ ತೋರಿದ್ದಿಲ್ಲ. ನನ್ನ ಎಂಜಿನ್ ಸಂಖ್ಯೆ 18ಜಿ.ಜಿ.ಯಿಂದ ಶುರುವಾಗುತ್ತದೆಯೇ ಎಂದು ಮಾತ್ರ ಕೇಳಿದ್ದರು.

ಸೇರುವ ಮನಸ್ಸಿದ್ದರೆ ವಸಂತದಲ್ಲಿ ಸೇರಬೇಡಿ ಎಂಬುದು ನನ್ನ ಶಿಫಾರಸು. ಬೇಸಿಗೆಯಲ್ಲಿ ಎಲ್ಲರಿಗೂ ತಿರುಗಾಟದ ಗಡಿಬಿಡಿ, ಹೊಸಬರ ಪ್ರಶ್ನೆಗೆ ನಿಧಾನವಾಗಿ ಕೂರುವ ವ್ಯವಧಾನ ಕಡಿಮೆ. ಅಕ್ಟೋಬರ್ ಕಳೆದು ರಸ್ತೆಗಳಿಗೆ ಉಪ್ಪು ಸುರಿಯಲು ತೊಡಗಿದ ಮೇಲೆ ತುಕ್ಕಿನ ಭಯಕ್ಕೆ ಕಾರುಗಳು ಶೆಡ್ ಸೇರುತ್ತವೆ, ಹೆಡ್ಡುಗಳು ಬಿಚ್ಚಿಕೊಳ್ಳುತ್ತವೆ, ನ್ಯಾಟರಿಗೆ ಬರುವವರ ಕೋಟಿನ ಜೇಬಿನಿಂದ ವಾಲ್ವು, ಬೇರಿಂಗಿನ ಚಿಪ್ಪು, ಸವೆದ ಟ್ಯಾಪೆಟ್ಟುಗಳು ಮೇಜಿನ ಮೇಲೆ ಬರುತ್ತವೆ. ಮೊದಲ ಒಂದೆರಡು ಸಂಜೆ ಸದಸ್ಯರಾಗದೆಯೇ ಹೋಗಿ ಕುಳಿತು ನೋಡಲು ಸಾಮಾನ್ಯವಾಗಿ ಯಾರ ಅಡ್ಡಿಯೂ ಇರುವುದಿಲ್ಲ. ಹೋಗುವಾಗ ನಿಮ್ಮ ಕಾರಿನ ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿ, ಯಾವ ಸಿಲಿಂಡರಿನದು ಯಾವುದು ಎಂದು ಚೀಟಿ ಅಂಟಿಸಿ, ಒಂದು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ.